ಅತ್ತೆಗೆ ಜಾಗ ನೋಡಲು ಹೋಗಿದ್ದು

ಪುಣೆಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ತಲೆ ನರೆಸಿಕೊಂಡು ನಿವೃತ್ತನಾದವನು ನಾನು. ಮೂರು ಕಡೆಯ ಕೊಟೇಶನ್ ಕೈಗೆ ಬಾರದೆ ಆಫೀಸಿಗೆ ಒಂದು ಕಸಬರಿಗೆಯನ್ನೂ ಕೊಂಡವನಲ್ಲ. ಆದ್ದರಿಂದ ವೃದ್ಧಾಶ್ರಮ ಆರಿಸುವುದು ನನಗೆ ಎಡಗೈ ಕೆಲಸ ಎಂದುಕೊಂಡಿದ್ದೆ.

ಪ್ರಸಂಗ ಹೀಗೆ. ನನ್ನ ಹೆಂಡತಿ ಸುಮಾಳ ಎರಡೂ ಮೊಣಕಾಲಿಗೆ ಆಪರೇಶನ್ ಆಗಬೇಕಿತ್ತು. ಆಸ್ಪತ್ರೆ, ಆಮೇಲೆ ನಡಿಗೆ ಕಲಿಸುವ ಕೇಂದ್ರ, ಎಲ್ಲ ಸೇರಿ ಅವಳು ಎರಡು ತಿಂಗಳು ಮನೆಯಲ್ಲಿ ಇರುವುದಿಲ್ಲ. ಉಳಿಯುವವರು ಇಬ್ಬರೇ. ನಾನು, ಮತ್ತು ಎಂಬತ್ತು ದಾಟಿದ ಅವಳ ತಾಯಿ, ಅಂದರೆ ನನ್ನ ಅತ್ತೆ. ಇದು ಹೊಳೆದ ಕೂಡಲೇ ಕ್ಯಾಲೆಂಡರಿನಲ್ಲಿ ಅರವತ್ತು ದಿನ ಎಣಿಸಿ ನೋಡಿದೆ.

ಅತ್ತೆ ಕೆಟ್ಟವರಲ್ಲ. ಆದರೆ ವಿಜಯಪುರದ ಹಳೆಯ ಮನೆತನದವರು. ಅವರ ಪದ್ಧತಿಯಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವ ಹಾಗಿಲ್ಲ. ಮಾವ ತೀರಿಕೊಂಡ ಮೇಲೆ ಒಬ್ಬಳೇ ಮಗಳ ಮನೆ ಎಂದು ನಮ್ಮಲ್ಲಿಗೆ ಬಂದರು. ಬರುವಾಗ ಪದ್ಧತಿಯನ್ನೂ ಜೊತೆಗೆ ತಂದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನ್ನೊಡನೆ ನೇರವಾಗಿ ಒಂದು ಮಾತಾಡಿಲ್ಲ. ಏನಿದ್ದರೂ ಮಗಳ ಮೂಲಕ. ಮಗಳಿಲ್ಲದಾಗ ಫ್ರಿಜ್ಜಿನ ಮೂಲಕ! ತಲೆಯ ಮೇಲೆ ಸೆರಗು ಎಳೆದುಕೊಂಡು, ಫ್ರಿಜ್ಜಿನ ಕಡೆ ಮುಖ ಮಾಡಿ, "ಚಹಾ ಆರ್ಲಿಕತ್ತದ. ಕುಡಿಯೋರು ಕುಡೀಬೇಕು" ಎನ್ನುತ್ತಾರೆ. ನಾನೂ ಫ್ರಿಜ್ಜಿಗೇ, "ಕುಡಿಯೋರು ಕುಡೀತಾರ" ಎಂದು ಉತ್ತರ ಕೊಡುತ್ತೇನೆ. ಒಂದು ಸಂಜೆಯ ಮಟ್ಟಿಗೆ ಇದು ನಡೆಯುತ್ತದೆ. ಎರಡು ತಿಂಗಳು? ಮಧ್ಯೆ ನನಗೆ ಎದೆನೋವು ಬಂದರೆ ನಾನು ಮೊದಲು ಫ್ರಿಜ್ಜಿಗೆ ಅರ್ಜಿ ಸಲ್ಲಿಸಬೇಕು.

ಸುಮಾಳ ಹತ್ತಿರ ಬಹಳ ಮೆತ್ತಗೆ ವಿಷಯ ತೆಗೆದೆ. "ಎರಡು ತಿಂಗಳ ಮಟ್ಟಿಗೆ ಅತ್ತಿಯವರನ್ನ ಯಾವುದರೇ ಛಲೋ ಆಶ್ರಮದಾಗ ಇಟ್ಟರ ಹೆಂಗ?"

ಅವಳು ಮೊಣಕಾಲು ತಿಕ್ಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನೋಡ್ರಿ ಬೇಕಾದ್ರ. ಆದ್ರ ಆಕಿ ಅಲ್ಲಿದ್ರ ಇಲ್ಲಿ ನನಗ ನಿದ್ದಿ ಹತ್ತಬೇಕು. ಅಂಥಾದ್ದು ಇರಬೇಕು."

ಸ್ಥಳ, ಊಟ, ಸುರಕ್ಷತೆ ಮತ್ತು ಜೀವನದ ಗುಣಮಟ್ಟ ಎಂಬ ಅಂಶಗಳ ಮೇಲೆ ತುಲನಾತ್ಮಕ ಪರಿಶೀಲನೆ ಆರಂಭವಾಯಿತು.

ಮೊದಲನೆಯದು ಪುಣೆಯ ಹೊಸ ಬಡಾವಣೆ ವಾಕಡದಲ್ಲಿ. ಆಶ್ರಮ ಎಂದರೆ ಅಲ್ಲಿಯವರಿಗೆ ಸಿಟ್ಟು ಬರುತ್ತದೆ. ಗಾಜಿನ ಎತ್ತರದ ಕಟ್ಟಡ. ತೋರಿಸಲು ಬಂದ ಹುಡುಗಿ ಬೆಂಗಳೂರಿನವಳು. "ಅಂಕಲ್, ಇದು ಫುಲ್ಲಿ ಸೇಫ್. ನೀವೇ ಇರೋದಾ?" ಎಂದಳು.

"ಅಲ್ಲಮ್ಮ, ನಮ್ಮ ಅತ್ತಿಯವರು."

"ಫಸ್ಟ್ ಟೈಮ್ ಬಂದಾಗ ಎಲ್ಲರೂ ಬೇರೆಯವರಿಗೆ ಅಂತಾನೇ ಹೇಳೋದು ಅಂಕಲ್" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಬಚ್ಚಲುಮನೆಯ ನೆಲ ಜಾರುತ್ತದೆಯೇ ಎಂದು ಖುದ್ದಾಗಿ ಪರೀಕ್ಷಿಸಲು ಒಳಗೆ ಹೋದೆ. ಜಾರಲಿಲ್ಲ. ಆದರೆ ಜಾರೀತೆಂಬ ಹೆದರಿಕೆಯಲ್ಲಿ ಗೋಡೆಗೆ ಇಳಿಬಿಟ್ಟಿದ್ದ ಕೆಂಪು ಹಗ್ಗ ಹಿಡಿದುಕೊಂಡೆ. ಅದು ಹಿಡಿದುಕೊಳ್ಳುವ ಹಗ್ಗ ಅಲ್ಲವಂತೆ, ಅಪಾಯದ ಗಂಟೆಯಂತೆ. ಇಡೀ ಕಟ್ಟಡ ಕೂಗಿಕೊಂಡಿತು. ಇಬ್ಬರು ಗಟ್ಟಿಮುಟ್ಟಾದ ನರ್ಸುಗಳು ಒಳಗೆ ನುಗ್ಗಿ, ನಾನು ಬಾಯಿ ತೆರೆಯುವಷ್ಟರಲ್ಲಿ ಗಾಲಿಕುರ್ಚಿಯಲ್ಲಿ ಕೂಡಿಸಿ ಬೆಲ್ಟು ಬಿಗಿದರು. ರಿಸೆಪ್ಶನ್ ತನಕ ನನ್ನ ಮೆರವಣಿಗೆ ನಡೆಯಿತು. ಸುರಕ್ಷತೆಗೆ ಪೂರ್ತಿ ಅಂಕ ಕೊಟ್ಟು ತಪ್ಪಿಸಿಕೊಂಡು ಬಂದೆ.

ಎರಡನೆಯದು ಶಿವಾಜಿನಗರದಲ್ಲಿ, ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ ಒಂದು ಹಳೆಯ ಕಟ್ಟಡ. ಗ್ಯಾಲರಿಯಲ್ಲಿ ಮೂವರು ಮುದುಕರು ಇಸ್ಪೀಟು ಹಿಡಿದು ಕೂತಿದ್ದರು. ನನ್ನನ್ನು ಕಂಡದ್ದೇ ದೇವರು ಕಳಿಸಿದ ಹಾಗೆ, "ಯಾ, ಬಸಾ" ಎಂದು ಕರೆದು ಖಾಲಿ ಕುರ್ಚಿಯಲ್ಲಿ ಕೂಡಿಸಿದರು. ಎಲೆ ಹಂಚಿದ ಮೇಲೆ, ಈ ಕುರ್ಚಿಯವರು ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದೆ. ಹೋದ ವಾರ ಹೋದರು ಎಂದರು. ಎಲ್ಲಿಗೆ ಎಂದೆ. ಮೂವರೂ ಒಟ್ಟಿಗೆ ಮೇಲೆ ನೋಡಿದರು. ಮೇಲೆ ಫ್ಯಾನ್ ತಿರುಗುತ್ತಿತ್ತು.

ಎದ್ದರೆ ಅವರಿಗೆ ಅವಮಾನ, ಕೂತರೆ ನನಗೆ ಅಪಶಕುನ. ಕೂತೆ. ಕೂತದ್ದಷ್ಟೇ ಅಲ್ಲ, ಸಾಲಾಗಿ ಗೆದ್ದೆ. ಅವರಲ್ಲಿ ಒಬ್ಬರು ನನ್ನ ಬೆನ್ನು ತಟ್ಟಿ, ಆ ಕುರ್ಚಿಯವರೂ ಕೊನೆಕೊನೆಗೆ ಹೀಗೇ ಗೆಲ್ಲುತ್ತಿದ್ದರು ಎಂದರು. ಅಲ್ಲಿಂದ ಹೇಗೆ ಇಳಿದು ಬಂದೆನೋ ನನಗೇ ಗೊತ್ತಿಲ್ಲ.

"ರೂಮು ಹೆಂಗವ?" ಎಂದು ಸುಮಾ ಕೇಳಿದಳು.

"ಇಸ್ಪೀಟು ಛಲೋ ಅದ" ಎಂದೆ.

"ಇನ್ನ ನೀವೊಬ್ಬರೇ ಹೋಗೂದು ಬ್ಯಾಡ. ಅವ್ವನ್ನೂ ಕರಕೊಂಡು ಹೋಗ್ರಿ. ಇರೂಕಿ ಆಕಿ."

"ಅವರಿಗೆ ಹೇಳೋರು ಯಾರು?"

"ನಾ ಹೇಳ್ತೀನಿ."

ಅವಳು ಹೇಳಿದಳು. ಎಷ್ಟು ಹೇಳಿದಳು ಎಂದು ನಾನು ಕೇಳಲಿಲ್ಲ. ಅಲ್ಲೇ ಎಡವಿದ್ದು. ತಾಯಿಯ ಮುಖ ಕಂಡು ಅವಳಿಗೂ ಧೈರ್ಯ ಸಾಲದೆ, "ಅವರು ಒಂದು ಆಶ್ರಮ ನೋಡ್ಲಿಕ್ಕೆ ಹೊಂಟಾರ, ನೀನೂ ಜೋಡಿಗಿ ಹೋಗಿ ಬಾ" ಎಂದಷ್ಟೇ ಹೇಳಿ ಮುಗಿಸಿದ್ದಳಂತೆ. ಯಾರ ಸಲುವಾಗಿ ಎಂಬುದನ್ನು ಬಿಟ್ಟಿದ್ದಳು.

ಮೂರನೆಯದು ಊರ ಹೊರಗೆ, ಸಾಸವಡದ ಹತ್ತಿರ. ಟ್ಯಾಕ್ಸಿಯಲ್ಲಿ ನಾನು ಮುಂದೆ, ಅತ್ತೆ ಹಿಂದೆ. ಅವರ ಕೋಲು ಮತ್ತು ಕೈಚೀಲ ನನ್ನ ತೊಡೆಯ ಮೇಲೆ. ಘಾಟಿನ ತಿರುವಿನಲ್ಲಿ ನನಗೆ ತಲೆ ಸುತ್ತಿ, ಇಳಿದಾಗ ಅದೇ ಕೋಲು ಊರಿ ನಿಂತೆ. ಅತ್ತೆ ಸೆರಗು ಸರಿಮಾಡಿಕೊಂಡು ಸರಸರನೆ ಮುಂದೆ ನಡೆದರು.

ಜಾಗ ನಿಜಕ್ಕೂ ಚೆನ್ನಾಗಿತ್ತು. ಸೀತಾಫಲದ ಗಿಡಗಳು, ಒಳ್ಳೆಯ ಗಾಳಿ, ಪಂಢರಪುರದ ವಾರಿಯ ದಿನಗಳಲ್ಲಿ ಪಾಲಖಿ ಹೋಗುವ ದಾರಿ. ನೋಡಿಕೊಳ್ಳುವ ಹೆಂಗಸು, ಎಲ್ಲರೂ ಬಾಯಿ ಎಂದು ಕರೆಯುವ ಬಾಯಿಯವರು, ನನಗೆ, "ಯಾ ಆಜೋಬಾ" ಎಂದು ಕುರ್ಚಿ ಎಳೆದರು. ಅಜ್ಜ! ಸಹಿಸಿಕೊಂಡೆ.

ಮಂಡಯಿ ಮಾರುಕಟ್ಟೆಯಲ್ಲಿ ಕಾಯಿಪಲ್ಯದವರ ಜೊತೆ ಜಗಳಾಡಿ ಕಲಿತ ಮರಾಠಿಯಲ್ಲಿ ಅತ್ತೆ ಪ್ರಶ್ನೆ ಶುರುಮಾಡಿದರು. ಭಾಕರಿ ಬಿಸಿ ಇರುತ್ತದೆಯೇ? ಬಚ್ಚಲಿಗೆ ದೀಪ ಇದೆಯೇ? ಕೂಗಿದರೆ ಯಾರಾದರೂ ಬರುತ್ತಾರೆಯೇ, ಅಥವಾ ಬರುತ್ತೇನೆ ಎನ್ನುತ್ತಾರೆಯೇ? ಇದು ನನ್ನ ತುಲನಾತ್ಮಕ ಪರಿಶೀಲನೆಗೆ ಎಂದೂ ಹೊಳೆಯದ ಪ್ರಶ್ನೆ. ಅತ್ತೆಗೆ ಜಾಗ ಹಿಡಿಸಿತು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಕೋಣೆಗೆ ಹೋದೆವು. ಅತ್ತೆ ಗಾದಿ ಒತ್ತಿ ನೋಡಿ, ಕಿಟಕಿಗೆ ಹೇಳಿದರು: "ಕೂತು ನೋಡಬೇಕು, ಕೂಡೋರು."

ಕೂತೆ.

"ಅಡ್ಡಾಗಿ ನೋಡಬೇಕು, ಅಡ್ಡಾಗೋರು."

ಅತ್ತೆಯ ಮಾತು ಮೀರುವುದು ಹೇಗೆ? ಅಡ್ಡಾದೆ. ಕೂಡಲೇ ಬಾಯಿಯವರು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡತೊಡಗಿದರು. ಆಜೋಬಾ ತಾವೇ ಸ್ನಾನ ಮಾಡುತ್ತಾರೆಯೇ ಎಂದು ಅತ್ತೆಯನ್ನು ಕೇಳಿದರು. ಮಾಡುತ್ತಾರೆ, ಆದರೆ ಹಾಡುತ್ತಾ ಮಾಡುತ್ತಾರೆ, ಹಾಡು ನಿಂತರೆ ನನಗೆ ಜೀವ ಹೋದ ಹಾಗಾಗುತ್ತದೆ ಎಂದರು ಅತ್ತೆ. ಮರೆವು ಇದೆಯೇ? ಗ್ಯಾಸ್ ಮೇಲೆ ಹಾಲಿಟ್ಟು ಪೇಪರ್ ಓದುತ್ತಾರೆ, ನಾನು ಆರಿಸುತ್ತೇನೆ. ರಾತ್ರಿ? ಕೆಮ್ಮುತ್ತಾರೆ, ನಾನು ಎದ್ದು ಕೂತಿರುತ್ತೇನೆ.

ಆಗ ನನಗೆ ಅರ್ಥವಾಯಿತು. ಇಲ್ಲಿ ಇರುವವನು ನಾನು! ಸುಮಾ ಆಸ್ಪತ್ರೆಗೆ ಹೋಗುತ್ತಾಳೆ, ಕೈಲಾಗದ ಗಂಡನನ್ನು ಆಶ್ರಮಕ್ಕೆ ಬಿಡುತ್ತಿದ್ದಾಳೆ ಎಂದು ಅತ್ತೆ ತಿಳಿದಿದ್ದರು. ಎದ್ದು, "ನನಗಲ್ಲ, ನಿಮಗ" ಎನ್ನಬೇಕಿತ್ತು. ಯಾವ ಬಾಯಿಂದ ಹೇಳುವುದು? ಆ ಕೋಣೆಯಲ್ಲಿ ಫ್ರಿಜ್ಜೂ ಇರಲಿಲ್ಲ. ಮೇಲೆ ಫ್ಯಾನ್ ತಿರುಗುತ್ತಿತ್ತು. ನಾನು ಅದನ್ನೇ ನೋಡುತ್ತ ಮಲಗಿದ್ದೆ. ಶಿವಾಜಿನಗರದ ಖಾಲಿ ಕುರ್ಚಿ ನೆನಪಾಯಿತು. ನಿಜವಾಗಿಯೂ ಹೆದರಿದ್ದೆ. ಬಿ.ಪಿ. ಬಹಳ ಏರಿದೆ ಎಂದು ಬಾಯಿಯವರು ಗಾಬರಿಯಾದರು.

ಅತ್ತೆ ಮಂಚದ ಹತ್ತಿರ ಬಂದರು. ತಲೆಯ ಮೇಲಿನ ಸೆರಗು ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಅಂಜಬ್ಯಾಡ್ರಿ. ನಾ ಜೀವಂತ ಇರೂತನಕ ನಿಮ್ಮನ್ನ ಇಲ್ಲಿ ಬಿಡಗೊಡೂದಿಲ್ಲ. ಮಗಳಿಗೆ ನಾ ಹೇಳ್ತೀನಿ. ಏಳ್ರಿ, ಮನಿಗೆ ಹೋಗೂಣು."

ನನ್ನ ಕಣ್ಣು ತುಂಬಿತು. ಅವರು ಅದನ್ನು ಬೇರೆ ತಿಳಿದುಕೊಂಡು ನನ್ನ ಕೈ ಗಟ್ಟಿಯಾಗಿ ಹಿಡಿದರು. ಹೊರಗೆ ಟ್ಯಾಕ್ಸಿಯವರೆಗೂ ಬಿಡಲಿಲ್ಲ.

ಮನೆಗೆ ಬಂದು ಮಗಳನ್ನು ತರಾಟೆಗೆ ತೆಗೆದುಕೊಂಡರು. "ಕಟ್ಟಿಕೊಂಡ ಗಂಡನ್ನ ಆಶ್ರಮಕ್ಕ ಹಾಕಾಕಿ ನೀನು?" ಸುಮಾ ಬಾಯಿ ತೆರೆದು ನನ್ನ ಕಡೆ ನೋಡಿದಳು. ನಾನು ಫ್ರಿಜ್ಜಿನ ಕಡೆ ನೋಡಿದೆ. ಅವಳು ಬೈಗುಳವನ್ನೆಲ್ಲ ನುಂಗಿಕೊಂಡು, "ತಪ್ಪಾತವ್ವಾ" ಎಂದಳು.

ಈಗ ಸುಮಾ ನಡಿಗೆ ಕೇಂದ್ರದಲ್ಲಿದ್ದಾಳೆ. ಚೆನ್ನಾಗಿ ನಿದ್ದೆ ಮಾಡುತ್ತಾಳಂತೆ. ಇಲ್ಲಿ ಅತ್ತೆ ನನ್ನನ್ನು ಒಬ್ಬನೇ ರಸ್ತೆ ದಾಟಲು ಬಿಡುವುದಿಲ್ಲ. ಬಚ್ಚಲುಮನೆಗೆ ಚಿಲಕ ಹಾಕುವಂತಿಲ್ಲ. ಜಾಗ ನೋಡಿದ್ದು ಯಾರಿಗೆಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನಾನು ಸ್ನಾನಕ್ಕೆ ಹೋದಾಗ ಅವರು ಹೊರಗೆ ಸ್ಟೂಲ್ ಹಾಕಿಕೊಂಡು ಕೂಡುತ್ತಾರೆ. ಸೋಪು ಹಚ್ಚಿಕೊಳ್ಳುವಾಗ ಹಾಡು ಒಂದಿಷ್ಟು ನಿಂತರೆ ಸಾಕು, ಬಾಗಿಲಿನ ಆಚೆಯಿಂದ ನೇರವಾಗಿ ನನ್ನನ್ನೇ ಕೇಳುತ್ತಾರೆ:

"ಅದೀರೇನ್ರಿ?"

"ಅದೀನ್ರಿ" ಎನ್ನುತ್ತೇನೆ, ಕೂಡಲೇ.