ಮನೆ ನಂಬರ್ ಒಂದು

ಕಂಪ್ಯೂಟರಿಗೆ ಹೇಳುವ ಸುಳ್ಳನ್ನು ನಾವ್ಯಾರೂ ಸುಳ್ಳೆಂದು ಎಣಿಸುವುದಿಲ್ಲ. ಅದು ಕೇಳಿದ್ದಕ್ಕೆ ಏನೋ ಒಂದು ತುಂಬಿ ಮುಂದೆ ಹೋಗುತ್ತೇವೆ. ಈ ವಿಷಯದಲ್ಲಿ ನಾನು ಎರಡೂ ಕಡೆಯ ಅಪರಾಧಿ. ಶಹಾಪುರದ ಮನೆಯಲ್ಲೇ ಕುಳಿತು ಆನ್‌ಲೈನ್ ಅಂಗಡಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತೇನೆ. ಮನೆ ನಂಬರಿಲ್ಲದ ವಿಳಾಸವನ್ನು ಒಪ್ಪಕೂಡದೆಂಬ ನಿಯಮ ನನ್ನದೇ; ಮೀಟಿಂಗಿನಲ್ಲಿ ಅದರ ಪರವಾಗಿ ಹತ್ತು ನಿಮಿಷ ಮಾತಾಡಿದ್ದೆ. ನಮ್ಮ ಓಣಿಯಲ್ಲಿ ಯಾವ ಮನೆಗೂ ನಂಬರಿಲ್ಲವೆಂಬುದು ಆ ಹತ್ತು ನಿಮಿಷದಲ್ಲಿ ನೆನಪಾಗಲಿಲ್ಲ. ಕಾಲುವೆ ಬಂದ ಮೇಲೆ ಹುಟ್ಟಿದ ಓಣಿ ಇದು. "ಕಾಲುವಿ ದಂಡಿಗಿ, ಬೇವಿನ ಗಿಡದ ಬಾಜೂಕ" ಎಂದರೆ ನೆಂಟರೂ ಬರುತ್ತಾರೆ, ಟಪಾಲೂ ಬರುತ್ತದೆ.

ಅವ್ವನ ಕಿವಿ ಮಷಿನ್ ಕೆಟ್ಟು ಹದಿನೈದು ದಿನವಾಗಿತ್ತು. ಸಂಜೆ ಕಟ್ಟೆಯ ಮೇಲೆ ಓಣಿಯ ಹೆಂಗಸರ ಜೊತೆ ಕೂಡುವುದನ್ನೇ ಬಿಟ್ಟಿದ್ದಳು. "ಅವರು ನಕ್ಕಾಗ ನಾನೂ ನಗಬೇಕು. ಯಾಕಂತ ಗೊತ್ತಾಗಂಗಿಲ್ಲ" ಎಂದಳು. ಗಿರಾಕಿಗಳ ಅಭಿಪ್ರಾಯ ಓದದೆ ನಾನು ಬಾಚಣಿಕೆಯನ್ನೂ ಕೊಳ್ಳುವವನಲ್ಲ. ಎಲ್ಲ ಓದಿ ನಮ್ಮ ಅಂಗಡಿಯಲ್ಲೇ ಒಂದು ಮಷಿನ್ ಆರಿಸಿದೆ. ನನ್ನ ನಿಯಮ ನನ್ನನ್ನೇ ತಡೆದು ಮನೆ ನಂಬರ್ ಕೇಳಿತು. ಒಂದು ಎಂದು ತುಂಬಿದೆ.

ಪಾರ್ಸೆಲ್ ತಲುಪಿದೆಯೆಂದು ಮೊಬೈಲ್ ಹೇಳಿತು. ಮನೆಗೆ ಮಾತ್ರ ಬಂದಿರಲಿಲ್ಲ. ಪಾರ್ಸೆಲ್ ಹಂಚುವ ಖಾಜಾಭಾಯಿಯನ್ನು ಕಾಲುವೆಯ ಸೇತುವೆ ಮೇಲೆ ಹಿಡಿದೆ.

"ಒಂದನೇ ನಂಬರಿಗಿ ಕೊಟ್ಟೀನ್ರಿ" ಎಂದ.

"ಒಂದನೇ ನಂಬರ್ ನಮ್ದು."

"ಈ ಓಣ್ಯಾಗ ಎಲ್ಲಾರದೂ ಒಂದನೇ ನಂಬರೇ ಐತ್ರಿ ಸರ್. ಎರಡು ಅಂತ ಬರಿಯಾಕ ಯಾರಿಗೂ ಮನಸಿಲ್ಲ. ಹೆಸರು ನೋಡಿ ಕೊಡಬೇಕಂದ್ರ, ಮಲ್ಲಿಕಾರ್ಜುನ ಅನ್ನೋರು ನಿಮ್ಮನ್ನ ಹಿಡಿದು ನಾಕು ಮಂದಿ ಅದಾರ."

ಉಳಿದ ಮೂವರ ಮನೆಗಳನ್ನೂ ತಿರುಗಿದೆವು. ಹಾಡು ಕೇಳುವ ಇಯರ್‌ಫೋನಿಗೆ ಆರ್ಡರ್ ಕೊಟ್ಟು ಕಾಯುತ್ತಿದ್ದ ದರ್ಜಿ ಮಲ್ಲಿಕಾರ್ಜುನ ಮೂರನೆಯವನು. ಅವ್ವನ ಮಷಿನನ್ನು ಕಿವಿಗೆ ಸಿಕ್ಕಿಸಿಕೊಂಡು ಬೇಸರದಿಂದ ಕುಳಿತಿದ್ದ. "ಹಾಡು ಬರವಲ್ದು ಮಾರಾಯಾ. ಬರೀ ನನ್ನ ಹೇಂತಿ ಮಾತೇ ಜೋರು ಕೇಳಾಕತ್ತೈತಿ" ಎಂದು ತೆಗೆದುಕೊಟ್ಟ.

ಕಟ್ಟೆಯ ಮೇಲೆ ಹೆಂಗಸರ ನಡುವೆ ಅವ್ವನನ್ನು ಕೂಡಿಸಿ, ಮಷಿನನ್ನು ಒರೆಸಿ ಅವಳ ಕಿವಿಗೆ ಹಾಕಿದೆ. ಜೊತೆಗೇ ಬಂದಿದ್ದ ಖಾಜಾಭಾಯಿ ನೀರು ಕುಡಿದು ಚೆಂಬು ಕೆಳಗಿಟ್ಟ. "ಈ ಮನಿ ನಂಬರಿನ ರೂಲ್ ಮಾಡಿದಾಂವ ಒಮ್ಮೆ ಕೈಗಿ ಸಿಗಬೇಕ್ರಿ ಅಮ್ಮಾ" ಎಂದ.

ಅವ್ವನ ಮುಖ ಅರಳಿತು. ಒಂದೊಂದು ಮಾತೂ ಕೇಳಿಸಿತ್ತು. "ಅವಂದೇನು ತಪ್ಪಪ್ಪಾ" ಎಂದಳು. "ಅವನ್ನ ಹಡದಾಕಿ ಏನು ಬುದ್ಧಿ ಕಲಿಸ್ಯಾಳ, ಅದನ್ನ ಕೇಳು."

ಕಟ್ಟೆಯೆಲ್ಲ ನಕ್ಕಿತು. ಎಷ್ಟೋ ದಿನಗಳ ಮೇಲೆ ಅವ್ವನೂ ಯಾಕೆಂದು ತಿಳಿದೇ ನಕ್ಕಳು. ಪೂರ್ತಿ ತಿಳಿದು ಎನ್ನಲಾರೆ. ಆ ಹಡೆದಾಕೆ ಯಾರೆಂಬುದನ್ನು ನನಗೆ ನಾನೇ ಪಿಸುಗುಟ್ಟಿಕೊಳ್ಳಲು ಬಾಯಿ ತೆರೆದೆ. ಅವ್ವನಿಗೆ ಈಗ ಪಿಸುಮಾತೂ ಕೇಳುತ್ತದೆಂದು ನೆನಪಾಗಿ ಮುಚ್ಚಿದೆ.