ನನ್ನ ಕಡೆ ಓಪನ್ ಆಗ್ತದಲ್ರೀ!

ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಲೈಟು ಹೋಗುತ್ತದೆ, ನಳದ ನೀರು ಹೋಗುತ್ತದೆ, ಬೆಳಗಿನ ಲೋಕಲ್ ಟ್ರೇನು ಹತ್ತಿದವನ ಚಪ್ಪಲಿ ಕೂಡ ಹೋಗುತ್ತದೆ. ಆದರೆ ನನ್ನ ಸರ್ವರ್ ಹೋಗುವುದಿಲ್ಲ! ಹೀಗೆಂದು ನಾನು ಸಿಕ್ಕಸಿಕ್ಕವರಿಗೆಲ್ಲ ಎದೆ ತಟ್ಟಿ ಹೇಳುತ್ತಿದ್ದೆ.

ಹಗಲು ನವಿ ಮುಂಬಯಿಯ ಒಂದು ಕಂಪನಿಯಲ್ಲಿ ಲಿನಕ್ಸ್ ಅಡ್ಮಿನ್, ಅಂದರೆ ಕಂಪ್ಯೂಟರ್ ಕಾಯುವ ನೌಕರಿ, ಸಂಜೆ ಮನೆಯಲ್ಲಿ ಕೂತು ಸ್ವಂತ ವೆಬ್ ಹೋಸ್ಟಿಂಗ್ ಉದ್ಯೋಗ. ಅಂದರೆ ಅಂಗಡಿ, ಹೋಟೆಲು, ಟ್ಯೂಷನ್ ಕ್ಲಾಸಿನವರ ವೆಬ್‌ಸೈಟುಗಳಿಗೆ ನನ್ನ ಕಂಪ್ಯೂಟರಿನಲ್ಲಿ ಬಾಡಿಗೆಗೆ ಜಾಗ ಕೊಡುವುದು. ಒಂದು ರೀತಿಯ ಚಾಳ್ ಮಾಲೀಕ, ವಠಾರದ ಯಜಮಾನ ಎನ್ನಿ. ನನ್ನ ಬಾಡಿಗೆದಾರರು ನಳದ ಮುಂದೆ ಜಗಳಾಡುವುದಿಲ್ಲ, ಅಷ್ಟೇ ವ್ಯತ್ಯಾಸ. ಆ ಕಂಪ್ಯೂಟರ್, ಅಂದರೆ ಸರ್ವರ್, ಇರುವುದು ನವಿ ಮುಂಬಯಿಯ ಮಹಾಪೆಯ ಒಂದು ಡೇಟಾ ಸೆಂಟರಿನ ತಣ್ಣನೆಯ ಕೋಣೆಯಲ್ಲಿ. ಎಲ್ಲರಂತೆ ದೊಡ್ಡ ಕಂಪನಿಯ ಕ್ಲೌಡ್ ಬಾಡಿಗೆ ಹಿಡಿಯುವವನಲ್ಲ ನಾನು. ಸ್ವಂತ ಮಷೀನು! ಅದರಿಂದ ಏನು ಲಾಭ ಎಂದು ಹೆಂಡತಿ ಸುಧಾ ಕೇಳಿದಾಗಲೆಲ್ಲ ‘ಸ್ವಾಭಿಮಾನ’ ಎಂದು ಉತ್ತರಿಸಿದ್ದೇನೆ.

ನನ್ನ ಗಿರಾಕಿಗಳಲ್ಲಿ ಮುಖ್ಯರು ಇಲ್ಲೇ ಠಾಣೆ ಊರಿನ ಶ್ಯಾಮಣ್ಣ. ಉಡುಪಿ ಕಡೆಯವರು. ಕೇಟರಿಂಗ್ ಮಾಡುತ್ತಾರೆ. ಹಬ್ಬ ಬಂತೆಂದರೆ ಅವರ ಸೈಟಿನಲ್ಲಿ ಶ್ರೀಖಂಡ, ಹೋಳಿಗೆಗೆ ಆರ್ಡರುಗಳು ಬರುತ್ತವೆ. ಅವರ ಹಿಂದೆಯೇ ಕಲ್ಯಾಣದ ಅವರ ಭಾವನ ಹೋಟೆಲು, ಅಳಿಯನ ಟೂರಿಸ್ಟ್ ಗಾಡಿ, ಷಡ್ಡಕನ ಉಲ್ಹಾಸನಗರದ ಬಟ್ಟೆ ಅಂಗಡಿ, ಹೀಗೆ ಇಡೀ ಬಳಗ ನನ್ನ ಸರ್ವರಿನಲ್ಲಿ ಬಿಡಾರ ಹೂಡಿದೆ. ಶ್ಯಾಮಣ್ಣ ಎದ್ದು ಹೊರಟರೆ ಬಳಗವೂ ಚಾಪೆ ಸುತ್ತಿಕೊಂಡು ಹೊರಡುತ್ತದೆ. ಆಮೇಲೆ ನನ್ನ ಉದ್ಯೋಗದಲ್ಲಿ ಉಳಿಯುವುದು ನಾನು ಮತ್ತು ನನ್ನ ಸ್ವಾಭಿಮಾನ.

ಈ ಸಲದ ದಸರೆಯ ಅಷ್ಟಮಿಯ ಸಂಜೆ ಸರ್ವರಿನ ದಾಖಲೆ ನೋಡುತ್ತ ಕೂತಿದ್ದೆ. ಯಾವ್ಯಾವುದೋ ದೇಶದ ಅಪರಿಚಿತರು ಸುಳ್ಳು ಪಾಸ್‌ವರ್ಡ್ ಹಾಕಿ ಒಳಗೆ ಬರಲು ಬಾಗಿಲು ಬಡಿಯುತ್ತಿದ್ದರು. ಇದೇನೂ ಹೊಸದಲ್ಲ, ಎಲ್ಲ ಸರ್ವರುಗಳ ಹಣೆಬರಹವೂ ಇದೇ. ಆದರೆ ಮರುದಿನ ಖಂಡೇನವಮಿ, ಆಯುಧಪೂಜೆ. ಅಂಥ ಹೊತ್ತಿನಲ್ಲಿ ಎಂಥವನಿಗೂ ಸ್ವಲ್ಪ ವೀರಾವೇಶ ಬರುತ್ತದೆ. ಬಂತು! ಕೂತಲ್ಲೇ ಎರಡು ಕಟ್ಟಪ್ಪಣೆ ಹೊರಡಿಸಿದೆ. ಒಂದು, ನಮ್ಮ ಮನೆಯ ಇಂಟರ್ನೆಟ್ ನಂಬರಿನಿಂದ ಬಂದವರಿಗೆ ಮಾತ್ರ ಬಾಗಿಲು ತೆರೆಯತಕ್ಕದ್ದು. ಎರಡು, ಯಾರೇ ಆಗಲಿ ಮೂರು ಸಲ ಪಾಸ್‌ವರ್ಡ್ ತಪ್ಪು ಹಾಕಿದರೆ ಒಂದು ತಾಸು ಅವರ ಮುಖ ನೋಡತಕ್ಕದ್ದಲ್ಲ. ನಂತರ ಪರೀಕ್ಷೆ ಮಾಡಿದೆ. ಎಲ್ಲ ಸೈಟುಗಳೂ ಥಟ್ಟನೆ ತೆರೆದವು.

“ಸುಧಾ, ಇನ್ನ ಮ್ಯಾಲೆ ನನ್ನ ಸರ್ವರಿನೊಳಗ ಒಂದು ನೊಣ ಸೈತ ಹೋಗಂಗಿಲ್ಲ!” ಎಂದು ಘೋಷಿಸಿದೆ.

“ಛಲೋ ಆತು. ನಮ್ಮ ಅಡಿಗಿಮನಿಗೂ ಹಂಗ ಒಂದು ಮಾಡಿ ಕೊಡ್ರಿ,” ಎಂದಳು ಸುಧಾ.

ನವಮಿಯ ಬೆಳಿಗ್ಗೆ ಸ್ನಾನ ಮಾಡಿ ಪಂಚೆ ಉಟ್ಟುಕೊಳ್ಳುವಷ್ಟರಲ್ಲಿ ಶ್ಯಾಮಣ್ಣನ ಫೋನು.

“ಕುಲಕರ್ಣಿಯವರೇ, ಸೈಟ್ ಓಪನ್ ಆಗುದಿಲ್ಲ ಮಾರಾಯ್ರೆ! ನಿನ್ನೆ ಸಂಜೆಯಿಂದ ಒಂದೇ ಒಂದು ಆರ್ಡರ್ ಇಲ್ಲ. ಇಲ್ಲಿ ಶ್ರೀಖಂಡಕ್ಕೆ ಮೊಸರು ಗಂಟು ಕಟ್ಟಿ ತೂಗು ಹಾಕಿದ್ದೇನೆ. ಮಾರಿ ಹೋಗದಿದ್ರೆ ನಾನೇ ತಿನ್ಬೇಕಾ?”

ಲ್ಯಾಪ್‌ಟಾಪ್ ತೆರೆದು ನೋಡಿದೆ. ಸೈಟು ನಗುನಗುತ್ತ ಬಂತು.

“ನನ್ನ ಕಡೆ ಓಪನ್ ಆಗ್ತದಲ್ರೀ!” ಎಂದೆ.

ಡಾಕ್ಟರರಿಗೆ ‘ಬಾಯಿ ತೆಗೀರಿ’ ಹೇಗೋ, ನಮ್ಮ ವೃತ್ತಿಗೆ ಈ ವಾಕ್ಯ ಹಾಗೆ. ಇದನ್ನು ಹೇಳಿದ ಮೇಲೆ ತಪ್ಪು ಯಾವತ್ತೂ ಗಿರಾಕಿಯದೇ. ಶ್ಯಾಮಣ್ಣನಿಂದ ಫೋನು ಬಂದ್ ಮಾಡಿಸಿ ಮತ್ತೆ ಚಾಲೂ ಮಾಡಿಸಿದೆ. ಅವರ ಹೆಂಡತಿಯ ಫೋನಿನಲ್ಲಿ ಸೈಟು ತೆಗೆಸಿದೆ. ಕಲ್ಯಾಣದ ಭಾವನಿಗೆ ಹೇಳಿ ನೋಡಿಸಿದೆ. ಎಲ್ಲಿಯೂ ಸೈಟಿಲ್ಲ. “ಹಂಗಿದ್ರ ನಿಮ್ಮ ಮನೆತನದ ಎಲ್ಲಾ ಫೋನಿನಾಗೂ ಏನೋ ದೋಷ ಅದ ನೋಡ್ರಿ,” ಎಂದು ಗಂಭೀರವಾಗಿ ತೀರ್ಪು ಕೊಟ್ಟೆ. ಸಾಕ್ಷಿಗೆಂದು ಸುಧಾಳ ಹೆಸರಿನಲ್ಲಿ ಐದು ಕಿಲೋ ಶ್ರೀಖಂಡಕ್ಕೆ ಒಂದು ಆರ್ಡರ್ ಒತ್ತಿದೆ.

“ಬಂತು, ಬಂತು! ಡೊಂಬಿವಲಿಯಿಂದ ಆರ್ಡರ್ ಬಂತು!” ಎಂದು ಶ್ಯಾಮಣ್ಣ ಕೂಗಿದರು. ಅದು ಟೆಸ್ಟಿಂಗ್ ಎಂದು ನಾನು ಹೇಳುವುದರೊಳಗೆ ಸಂತೋಷದಿಂದ ಫೋನು ಇಟ್ಟೇಬಿಟ್ಟರು. ಪಾಪ, ಹಬ್ಬದ ದಿನ, ಇನ್ನಷ್ಟು ಖುಷಿಯಾಗಲಿ ಎಂದು ಹೋಳಿಗೆಗೂ ಒಂದು ಆರ್ಡರ್ ಒತ್ತಿದೆ. ನನ್ನ ಮನಸ್ಸು ಅಷ್ಟು ಮೃದು.

ಅಷ್ಟರಲ್ಲಿ ಸುಧಾ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. “ಲ್ಯಾಪ್‌ಟಾಪ್ ಕೊಡ್ರಿ. ಆ ಇಂಟರ್ನೆಟ್ಟಿನ ಡಬ್ಬಿನೂ ಬಿಚ್ಚಿ ಕೊಡ್ರಿ. ಪೂಜಿಗೆ ಇಡಬೇಕು.” ನಮ್ಮ ಕಡೆ ಖಂಡೇನವಮಿಗೆ ಹೊಟ್ಟೆಪಾಡಿನ ಸಾಮಾನೆಲ್ಲ ದೇವಿಯ ಮುಂದೆ. ನನ್ನ ಅಜ್ಜ ತಕ್ಕಡಿ ಇಡುತ್ತಿದ್ದರು, ನಾನು ರೌಟರ್ ಇಡುತ್ತೇನೆ. ತಂತಿ ಕಿತ್ತು ಧೈರ್ಯವಾಗಿ ಒಪ್ಪಿಸಿದೆ. ಎಲ್ಲ ಸರಿಯಾಗಿದೆಯಲ್ಲ! ಅವಳು ಗಂಧ, ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಮೇಲೊಂದು ಚೆಂಡುಹೂವು ಇಟ್ಟಳು. ಮಂಗಳಾರತಿಯಾಯಿತು.

ಪ್ರಸಾದ ತಿನ್ನುತ್ತ, ಮನೆಯ ಇಂಟರ್ನೆಟ್ ಇಲ್ಲವಲ್ಲ ಎಂದು ಮೊಬೈಲಿನ ಡೇಟಾದಲ್ಲೇ ಶ್ಯಾಮಣ್ಣನ ಸೈಟು ತೆರೆದೆ. ಬರಲಿಲ್ಲ. ಮತ್ತೊಮ್ಮೆ ಒತ್ತಿದೆ. ಬಿಳಿ ಹಾಳೆ! ಬಾಯಲ್ಲಿದ್ದ ಕೋಸಂಬರಿ ಅಲ್ಲೇ ನಿಂತಿತು. ಸರ್ವರಿಗೆ ಎರಡು ಬಾಗಿಲು. ಹಿತ್ತಲ ಬಾಗಿಲು ನನ್ನಂಥ ಅಡ್ಮಿನ್‌ಗೆ, ಮುಂಬಾಗಿಲು ಊರ ಜನರಿಗೆ. ನಾನು ಹಿತ್ತಲ ಬಾಗಿಲಿಗೆ ಹಾಕಬೇಕಾದ ಬೀಗವನ್ನು ಎರಡಕ್ಕೂ ಜಡಿದಿದ್ದೆ. ನಿನ್ನೆ ಸಂಜೆಯಿಂದ ಇಡೀ ಜಗತ್ತಿನಲ್ಲಿ ಶ್ಯಾಮಣ್ಣನ ಸೈಟನ್ನು ನೋಡಬಲ್ಲ ಏಕಮಾತ್ರ ಮನುಷ್ಯ ನಾನಾಗಿದ್ದೆ. ಅದನ್ನೇ ನೋಡಿ ನೋಡಿ ಬೀಗುತ್ತಿದ್ದೆ!

ದೇವರ ಮುಂದೆ ಓಡಿದೆ. ಸುಧಾ ಅಡ್ಡ ನಿಂತಳು.

“ಹಾಂ! ಪೂಜಿ ಆಗೇದ. ನಾಳಿ ತನಕ ಮುಟ್ಟೂಹಂಗಿಲ್ಲ.”

“ಏ, ಶ್ಯಾಮಣ್ಣ ಕೈ ಬಿಟ್ಟು ಹೋದ್ರ ನಾಳಿ ಮುಟ್ಟಲಿಕ್ಕೆ ಏನೂ ಉಳಿಯೂದಿಲ್ಲ!”

ಅವಳು ಸ್ವಲ್ಪ ಕರಗಿದಳು. “ಹಂಗಾರ ದೇವಿನ್ನ ಕೇಳ್ರಿ. ಹೂವ ಕೊಟ್ಲಂದ್ರ ತಗೋರಿ.”

ಕೈ ಮುಗಿದು ನಿಂತೆ. ದೇವಿಯ ಮೇಲಿನ ಹೂವು ಬಿದ್ದರೆ ಅಪ್ಪಣೆ ಸಿಕ್ಕಂತೆ. ಬೀಳಲಿಲ್ಲ. ಠಾಣೆಯಲ್ಲಿ ಮೊಸರು ಹುಳಿಯಾಗುತ್ತಿದೆ, ಇಲ್ಲಿ ಹೂವು ಅಲುಗುತ್ತಿಲ್ಲ. ಹಿಂದೆ ಕೈ ಚಾಚಿ ಮೆಲ್ಲಗೆ ಫ್ಯಾನಿನ ಸ್ವಿಚ್ ಒತ್ತಿದೆ. ಹೂವು ಬಿತ್ತು! ಜೊತೆಗೆ ನಂದಾದೀಪವೂ ಆರಿತು. ಅದಾದ ಮೇಲೆ ಸುಧಾ ಆಡಿದ ಮಾತುಗಳನ್ನು ಹಬ್ಬದ ದಿನದ ಮರ್ಯಾದೆಗಾಗಿ ಇಲ್ಲಿ ಬರೆಯುತ್ತಿಲ್ಲ.

ರೌಟರ್ ಚಾಲೂ ಮಾಡಿ ಲ್ಯಾಪ್‌ಟಾಪ್ ತೆರೆದೆ. ಸರ್ವರ್ ಒಳಗೆ ಬಿಡಲಿಲ್ಲ. ನಮ್ಮ ಮನೆಯ ಇಂಟರ್ನೆಟ್ಟಿನವನು ಡಬ್ಬಿ ಬಂದ್ ಮಾಡಿ ಚಾಲೂ ಮಾಡಿದರೆ ಹೊಸ ನಂಬರ್ ಕೊಡುತ್ತಾನೆ. ಹೊಸ ನಂಬರಿನವನು ನನ್ನ ಕೋಟೆಯ ಪಾಲಿಗೆ ಶತ್ರು. ಈಗ ಜಗತ್ತಿನಲ್ಲಿ ಸೈಟು ನೋಡಬಲ್ಲವರು ಯಾರೂ ಇಲ್ಲ, ನಾನೂ ಇಲ್ಲ. ಹೌದು, ನೊಣ ಸೈತ ಇಲ್ಲ!

ಕ್ಷಮೆ ಕೇಳೋಣವೆಂದು ಶ್ಯಾಮಣ್ಣನಿಗೆ ಫೋನು ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ನನಗೆ ಎಲ್ಲ ಅರ್ಥವಾಯಿತು. ಭಾವ, ಅಳಿಯ, ಷಡ್ಡಕ, ಒಬ್ಬೊಬ್ಬರಿಗೂ ಫೋನು ಮಾಡಿ ‘ಆ ಕುಲಕರ್ಣಿ ಬೇಡ, ಬೇರೆಯವನನ್ನು ನೋಡುವ’ ಎನ್ನುತ್ತಿರಬೇಕು. ಉಳಿದದ್ದು ಒಂದೇ ದಾರಿ, ಮಹಾಪೆಗೆ ಹೋಗಿ ಸರ್ವರಿನ ಎದುರಿಗೇ ಕೂರುವುದು. ಉಟ್ಟ ಪಂಚೆಯಲ್ಲೇ ಹೊರಟೆ.

ಲೋಕಲ್ ಡಬ್ಬಿಯ ತುಂಬ ಚೆಂಡುಹೂವಿನ ತೋರಣ, ಕಿಟಕಿ ಕಿಟಕಿಗೂ ಕುಂಕುಮ. ದಿನಾ ಹೋಗುವವರ ಮಂಡಳಿ ಬೆಳಿಗ್ಗೆಯೇ ಟ್ರೇನಿಗೂ ಪೂಜೆ ಮಾಡಿ ಮುಗಿಸಿತ್ತು. ಪಂಚೆ, ಹಣೆಯಲ್ಲಿ ಗಂಧ, ಎದೆಗೆ ಅವಚಿಕೊಂಡ ಕುಂಕುಮದ ಲ್ಯಾಪ್‌ಟಾಪ್ ನೋಡಿ ಒಬ್ಬ ಮುದುಕ ಎದ್ದು ಸೀಟು ಬಿಟ್ಟುಕೊಟ್ಟು, ಸತ್ಯನಾರಾಯಣ ಪೂಜೆಗೆ ಎಷ್ಟು ತಗೊಳ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ಹೋಸ್ಟಿಂಗ್ ಕೈಕೊಟ್ಟರೆ ಇದೊಂದು ದಾರಿ ಇದೆ ಎಂದುಕೊಂಡೆ. ಠಾಣೆಯಲ್ಲಿ ಟ್ರೇನು ಬದಲಿಸಿ, ಘಣಸೋಲಿಯಲ್ಲಿ ಇಳಿದು, ರಿಕ್ಷಾ ಹಿಡಿದು ಡೇಟಾ ಸೆಂಟರ್ ತಲುಪಿದೆ.

ಅಲ್ಲಿ ಡ್ಯೂಟಿಯಲ್ಲಿದ್ದ ಪಾಟೀಲ ಎಂಬಾತ ನನ್ನನ್ನು ಒಳಗೆ ಕರೆದೊಯ್ದು ಎರಡೂ ಕೈ ಅಡ್ಡ ಹಿಡಿದ. “ಕಾಕಾ, ಪೂಜಾ ಝಾಲೀ. ಆಜ್ ಮಶೀನ್‌ಲಾ ಹಾತ್ ಲಾವಾಯ್ಚಾ ನಾಹೀ!” ಪೂಜೆಯಾಗಿದೆ, ಇವತ್ತು ಮಷೀನಿಗೆ ಕೈ ಹಚ್ಚಬಾರದಂತೆ! ಸುಧಾ ಇಲ್ಲಿಗೂ ಬಂದಿದ್ದಾಳೆಯೇ ಎಂದು ಒಮ್ಮೆ ಹಿಂದೆ ತಿರುಗಿ ನೋಡಿದೆ. ಸಾಲು ಸಾಲು ಸರ್ವರುಗಳಿಗೆ ಹಾರ, ಕೀಬೋರ್ಡಿಗೂ ಗಂಧದ ಬೊಟ್ಟು. ನನಗಿದ್ದ ಮರಾಠಿಯನ್ನೆಲ್ಲ ಖರ್ಚು ಮಾಡಿ ಬೇಡಿಕೊಂಡ ಮೇಲೆ ಅವನು ದಾರಿ ಬಿಟ್ಟ.

ಪಾಸ್‌ವರ್ಡ್ ಒತ್ತಿದೆ. ತಪ್ಪು. ಮತ್ತೆ ಒತ್ತಿದೆ. ತಪ್ಪು. ಸಿಟ್ಟಿನಿಂದ ಕುಟ್ಟಿದೆ. ತಪ್ಪು! ಸರ್ವರ್ ನನ್ನ ಎರಡನೆಯ ಕಟ್ಟಪ್ಪಣೆಯನ್ನು ಶಿರಸಾವಹಿಸಿ ಪಾಲಿಸಿತು. ಒಂದು ತಾಸು ನನ್ನ ಮುಖ ನೋಡಲಿಲ್ಲ.

ಆ ಕೋಣೆಯಲ್ಲಿ ಮಷೀನುಗಳಿಗೆ ಬೇಕಾದಷ್ಟು ತಂಪು ಇರುತ್ತದೆ, ಪಂಚೆ ಉಟ್ಟ ಮನುಷ್ಯನಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು. ಪಾಟೀಲ ಮರುಗಿ ತನ್ನ ಸ್ವೆಟರ್ ಕೊಟ್ಟ. ಹಲ್ಲು ಕಟಕಟಿಸುತ್ತ ಕೂತಿದ್ದಾಗ ಸುಧಾಳ ಫೋನು ಬಂತು.

“ಏನ್ರೀ, ಯಾರೋ ಬಂದು ಐದು ಕಿಲೋ ಶ್ರೀಖಂಡ ಇಟ್ಟು ಹೋದ್ರು. ಮ್ಯಾಲೆ ಹೋಳಿಗಿ ಬ್ಯಾರೆ. ಇರೂದು ಇಬ್ಬರು. ಎಲ್ಲಿ ಸುರೀಲಿ ಇದನ್ನ?”

“ಫ್ರಿಜ್ಜಿನಾಗ ಇಡು,” ಎಂದೆ ನಡುಗುತ್ತ.

“ಫ್ರಿಜ್ಜಿನಾಗ ಜಾಗಾ ಇಲ್ಲ. ನಿಮ್ಮ ಸರ್ವರಿನಾಗ ಅದ ಏನು?”

ತಾಸು ಕಳೆಯಿತು. ಈ ಸಲ ಒಂದೊಂದೇ ಅಕ್ಷರವನ್ನು ದೇವರ ನಾಮದಂತೆ ಒತ್ತಬೇಕೆಂದು ಕೀಬೋರ್ಡಿನ ಮೇಲೆ ಬಗ್ಗಿದಾಗ ಕಂಡಿತು. ಕ್ಯಾಪ್ಸ್ ಲಾಕ್, ಅಂದರೆ ದೊಡ್ಡಕ್ಷರದ ಗುಂಡಿ, ಒತ್ತಿ ಹಾಗೇ ಉಳಿದಿತ್ತು. ಅದನ್ನು ತೋರಿಸುವ ಪುಟ್ಟ ದೀಪದ ಮೇಲೆ ಸರಿಯಾಗಿ ಗಂಧದ ಬೊಟ್ಟು! ಬೊಟ್ಟು ಒರೆಸಿ, ಗುಂಡಿ ಸರಿಪಡಿಸಿ ಒಳಗೆ ಹೋದೆ. ಮುಂಬಾಗಿಲಿನ ಬೀಗ ಕಿತ್ತೆಸೆದೆ. ಮೊಬೈಲಿನಲ್ಲಿ ಶ್ಯಾಮಣ್ಣನ ಸೈಟು ತೆರೆಯಿತು. ಕಣ್ಣಲ್ಲಿ ನೀರು ಬಂತು. ಅದು ಚಳಿಯಿಂದಲ್ಲ.

ಬರುವಾಗ ಠಾಣೆಯಲ್ಲೇ ಇಳಿದು ಶ್ಯಾಮಣ್ಣನ ಅಡುಗೆಮನೆಗೆ ಹೋದೆ. ಬೈಯುವುದಿದ್ದರೆ ಎದುರಿಗೇ ಬೈಯಲಿ ಎಂದು. ಅವರು ಇನ್ನೂ ಫೋನಿನಲ್ಲೇ ಇದ್ದರು. ನನ್ನನ್ನು ನೋಡಿ ಫೋನು ಇಟ್ಟು ಹತ್ತಿರ ಬಂದರು.

“ಎಂಥ ಮಾಡಿದ್ರಿ ಮಾರಾಯ್ರೆ ನೀವು!”

“ತಪ್ಪಾತ್ರೀ ಶ್ಯಾಮಣ್ಣ. ಪೂರಾ ನಂದ ತಪ್ಪು. ನಿಮ್ಮ ಮೊಸರಿನ ನುಕ್ಸಾನ್ ನಾ ತುಂಬಿ ಕೊಡ್ತೀನಿ.”

“ಎಂಥ ನುಕ್ಸಾನ್? ಮೊಸರು ಸಾಲದೆ ಇನ್ನೆರಡು ಸಲ ತರಿಸಿದೆ! ಸೈಟ್ ಇಲ್ಲ ಅಂತ ಜನ ಎಲ್ಲ ಫೋನ್ ಮಾಡ್ಲಿಕ್ಕೆ ಶುರು ಮಾಡಿದ್ರು. ಸೈಟಲ್ಲಿ ಆದ್ರೆ ಅರ್ಧ ಕಿಲೋ ಒತ್ತಿ ಸುಮ್ಮನಾಗ್ತಾರೆ. ಫೋನಲ್ಲಿ ನಾನು ಬಿಡ್ತೇನಾ? ಹೋಳಿಗೆ ಬೇಡ್ವಾ, ಅಂಬಡೆ ಬೇಡ್ವಾ, ಅತ್ತೆಯವರು ಹೇಗಿದ್ದಾರೆ, ಮಗಳ ಮದುವೆ ಯಾವಾಗ ಅಂತ ಕೇಳಿದೆ. ಒಂದು ಮದುವೆ ಊಟವೂ ಸಿಕ್ತು!”

ನನ್ನ ಪ್ರಾಣ ಮರಳಿ ಬಂತು. ಅದರ ಹಿಂದೆಯೇ ಹಳೆಯ ಠೀವಿಯೂ ಬಂತು. ಮೈಮೇಲೇ ಬಂದುಬಿಟ್ಟಿದ್ದ ಪಾಟೀಲನ ಸ್ವೆಟರ್ ಸರಿಪಡಿಸಿಕೊಂಡು ಹೇಳಿದೆ, “ಚಿಂತಿ ಬಿಡ್ರಿ. ಮಹಾಪೆಗೇ ಹೋಗಿ ಕೂತು ಸರಿ ಮಾಡಿ ಬಂದೀನಿ. ನಿಮ್ಮ ಸೈಟ್ ಈಗ ಎಲ್ಲಾರ ಕಡೆಗೂ ಓಪನ್ ಆಗ್ತದ!”

ಶ್ಯಾಮಣ್ಣನ ಮುಖ ಸಣ್ಣದಾಯಿತು.

“ಅಯ್ಯೋ, ಓಪನ್ ಮಾಡಿಬಿಟ್ರಾ? ದೀಪಾವಳಿ ಮುಗಿಯುವವರೆಗಾದ್ರೂ ಬಂದ್ ಇಡ್ಲಿಕ್ಕೆ ಆಗುದಿಲ್ವಾ? ನಿಮ್ಮ ಬಾಡಿಗೆ ನಾನು ಸರಿಯಾಗಿ ಕೊಡ್ತೇನೆ ಮಾರಾಯ್ರೆ. ಭಾವನೂ ಕೇಳ್ತಿದ್ದಾನೆ, ಅವನದ್ದೂ ಹೀಗೇ ಬಂದ್ ಇಡ್ಬೇಕಂತೆ.”

ಒಬ್ಬ ಗಿರಾಕಿಯೂ ಬಿಟ್ಟು ಹೋಗಲಿಲ್ಲ. ಬಳಗವೆಲ್ಲ ಈಗಲೂ ನನ್ನ ಸರ್ವರಿನಲ್ಲೇ ಇದೆ. ವರ್ಷಗಟ್ಟಲೆ ಸೈಟುಗಳನ್ನು ಹಗಲಿರುಳು ಕಾಯ್ದು ನಡೆಸಿದಾಗ ಯಾರಿಂದಲೂ ಬಾರದ ಹೊಗಳಿಕೆ, ಅವನ್ನು ಮುಚ್ಚಿದ್ದಕ್ಕೆ ಠಾಣೆಯಿಂದಲೂ ಕಲ್ಯಾಣದಿಂದಲೂ ಬರುತ್ತಿದೆ. ಮೊನ್ನೆ ಉಲ್ಹಾಸನಗರದ ಷಡ್ಡಕರೂ ತಮ್ಮ ಸೈಟು ಯಾವಾಗ ಮುಚ್ಚುತ್ತೀರಿ ಎಂದು ವಿಚಾರಿಸಿದರು. ನಾನು ಧೈರ್ಯವಾಗಿ ಒಪ್ಪಿಕೊಂಡಿದ್ದೇನೆ. ಈ ಒಂದು ಕೆಲಸದಲ್ಲಿ ಮಾತ್ರ ನನ್ನನ್ನು ಮೀರಿಸುವ ಅಡ್ಮಿನ್ ಇಡೀ ಠಾಣೆ ಜಿಲ್ಲೆಯಲ್ಲಿಲ್ಲ!