ಗಿರಮಿಟ್ಟಿನ ಪಟ್ಟಿಯ ಮಹಾಸಮರ

ಎಲೈ ಚುರಮರಿಪ್ರಿಯರೇ, ಕಿವಿಗೊಡಿ! ಯಾವ ಯುಗದಲ್ಲಿ ಮನುಷ್ಯರು ಬಾಯಿತೆರೆದು ಕರೆಯುವುದನ್ನು ಬಿಟ್ಟು ಯಂತ್ರಮುಖೇನ ಮಾತಾಡತೊಡಗಿದರೋ, ಆ ಯುಗದಲ್ಲಿ, ಧಾರವಾಡದ ಒಂದು ಕಾಲೇಜಿನ ಮೂರನೆಯ ಮಹಡಿಯ ಕಂಪ್ಯೂಟರ್ ವಿಭಾಗದಲ್ಲಿ, ಪೈಥಾನ್‌ಭಾಷಾವಿಶಾರದೆಯೂ ಕ್ಷುಧಾಗ್ನಿದಗ್ಧೋದರೆಯೂ ಆದ ಇಂದುಮತಿ ಹಂಚಿನಮನಿ ಎಂಬ ವೀರಾಂಗನೆ ವಿರಾಜಿಸುತ್ತಿದ್ದಳು. ಆಕೆಗೆ ರಾಜ್ಯ ಬೇಡ, ಕೀರ್ತಿ ಬೇಡ. ಸಂಜೆಯ ಗಿರಮಿಟ್ಟು ಗರಿಗರಿಯಾಗಿರುವಾಗಲೇ ಬಾಯಿಗೆ ಬೀಳಬೇಕು, ಅಷ್ಟೇ. ಆದರೆ ಕೆಳಗಿನ ಕ್ಯಾಂಟೀನಿಗೆ ಇಳಿದು, ಎಲ್ಲರ ತಟ್ಟೆ ಹೊತ್ತು ತರುವ ಕೆಲಸ ದಿನವೂ ಅವಳ ತಲೆಗೇ. ಹಂಚಿ ಮುಗಿಸುವಷ್ಟರಲ್ಲಿ ಅವಳ ಪಾಲಿನ ಚುರಮರಿ ಮೆತ್ತಗಾಗಿರುತ್ತಿತ್ತು. ಥೂ, ಅದೂ ಒಂದು ಬಾಳೇ!

ಒಂದು ದಿನ ಆಕೆ ವಿಭಾಗದ ಮುಖ್ಯಸ್ಥರಾದ, ಉಳ್ಳಾಗಡ್ಡಿಯೆಂಬ ಈರುಳ್ಳಿಯನ್ನು ಜನ್ಮದಲ್ಲಿ ಮುಟ್ಟದ ಜೈನಕುಲತಿಲಕ ಉಪಾಧ್ಯೆ ಸರ್ ಎದುರು ಘೋರಪ್ರತಿಜ್ಞೆ ಮಾಡಿದಳು.

“ಇವತ್ತಿಂದ ನಾ ಮೆಟ್ಟಲಾ ಇಳಿಯೂದಿಲ್ರೀ ಸರ್! ನನ್ನ ಪ್ರೋಗ್ರಾಮ್ ಆರ್ಡರ್ ಕಳಸ್ತದ, ತಟ್ಟಿ ತಾವ ಮ್ಯಾಲೆ ಬರ್ತಾವ. ಒಂದು ತಟ್ಟಿ ತಪ್ಪಿದ್ರೂ ಇನ್ನ ಮುಂದ ನಾನ ಹೊತ್ತು ತರ್ತೀನಿ!”

“ಆತವಾ. ನಂದು ಮಾತ್ರ ಉಳ್ಳಾಗಡ್ಡಿ ಬಿಟ್ಟು ಬರಬೇಕು ನೋಡು,” ಎಂದರು ಸರ್.

ಪಟ್ಟಿ ಸಿದ್ಧವಾಯಿತು. ಒಂದೊಂದು ತಿಂಡಿಗೆ ಒಂದು ಚೌಕಕಂಸ, ಅಂದರೆ ಬ್ರಾಕೆಟ್ಟು. ಅದರೊಳಗೆ ತಿನ್ನುವವರ ಬೇಕು ಬೇಡಗಳಿಗೆ ಮತ್ತೊಂದು ಕಂಸ. ಆದರೆ ಕ್ಯಾಂಟೀನಿನ ಗಣಕವನ್ನಾಳುವವನು ಪರ್ಲ್‌ಭಾಷೋಪಾಸಕ, ಬಜ್ಜಿಧೂಮಧೂಸರ ಮ್ಯಾನೇಜರ್ ಫಕೀರೇಶ ಕಮ್ಮಾರ. ಆತ ಫೋನಿನಲ್ಲಿ ಗುಡುಗಿದ:

“ಅಕ್ಕಾರ, ನನ್ನ ಪ್ರೋಗ್ರಾಮ್ ಈ ಡಬ್ಬ್ಯಾಗ ಡಬ್ಬಿ ಎಲ್ಲಾ ತಿನ್ನೂದಿಲ್ರೀ. ಒಂದು ಉದ್ದನ ಸಾಲು ಮಾಡಿ ಕಳಸ್ರಿ!”

ಇಂದುಮತಿಯ ಕಣ್ಣು ಕೆಂಡವಾಯಿತು. “ಎಲೈ ಕಂಸಗಳಿರಾ! ನಿಮ್ಮ ಗರ್ಭದಲ್ಲಿ ಗರ್ಭವಿದ್ದರೂ, ಆ ಗರ್ಭದಲ್ಲಿ ಮತ್ತೊಂದು ಗರ್ಭವಿದ್ದರೂ, ಎಲ್ಲವನ್ನೂ ಭೇದಿಸಿ ಸಪಾಟಾಗಿಸದಿದ್ದರೆ ನಾನು ಹಂಚಿನಮನಿಯವಳೇ ಅಲ್ಲ!” ಎಂದು ಗರ್ಜಿಸಿ ಕೀಲಿಮಣೆಯ ಮೇಲೆರಗಿದಳು. ಒಂದು ಪಟ್ಟಿಯನ್ನು ಸೀಳಿದರೆ ಒಳಗಿಂದ ಇನ್ನೊಂದು ಹಲ್ಲು ಕಿರಿಯಿತು, ಅದನ್ನೂ ಸೀಳಿದಳು. ಬಿದ್ದ ಕಂಸಗಳನ್ನು ಗುಡಿಸಿ, ಉಳಿದ ಮಾತುಗಳ ನಡುವೆ ಅಲ್ಪವಿರಾಮಗಳನ್ನು ನೆಟ್ಟಳು. ಆಹಾ, ಹುಟ್ಟಿತು ನೋಡಿ ಸಾಲು: ಗಿರಮಿಟ್ಟು, ಉಳ್ಳಾಗಡ್ಡಿ ಬ್ಯಾಡ, ಗಿರಮಿಟ್ಟು, ಚಹಾ, ಸಕ್ಕರಿ ಕಡಿಮಿ!

“ಭಾರಿ ಆತ್ರೀ ಅಕ್ಕಾರ!” ಎಂದು ಫಕೀರೇಶ ಶರಣಾದ. ಸ್ವಲ್ಪ ಹೊತ್ತಿಗೆ ತಾನೇ ತಟ್ಟೆ ಹೊತ್ತು ಏದುಸಿರು ಬಿಡುತ್ತಾ ಮೇಲೆ ಬಂದ. ಇಂದುಮತಿ ತನ್ನ ಗರಿಗರಿ ಗಿರಮಿಟ್ಟಿನ ಮೊದಲ ತುತ್ತನ್ನು ಬಾಯಿಯವರೆಗೆ ಒಯ್ದಿದ್ದಳು.

“ಏ ಫಕೀರೇಶ,” ಎಂದರು ಉಪಾಧ್ಯೆ ಸರ್, ಮೂಗು ಮುಚ್ಚಿಕೊಂಡು. “ನನ್ನ ಗಿರಮಿಟ್ಟಿನ್ಯಾಗ ಬರೇ ಉಳ್ಳಾಗಡ್ಡಿನ ಅದಲ್ಲೋ! ಮತ್ತ ಬಾಜೂಕ ಈ ಖಾಲಿ ತಟ್ಟಿ ಯಾಕ?”

“ಅದು ಎರಡನೇ ಐಟಂರೀ ಸರ್, ‘ಉಳ್ಳಾಗಡ್ಡಿ ಬ್ಯಾಡ’. ನೋಡ್ರಿ, ಒಂದು ಚೂರರೆ ಹಾಕೇನೇನು? ಮತ್ತ ಈ ಕಪ್ಪಿನ್ಯಾಗ ಇರೂದು ‘ಸಕ್ಕರಿ ಕಡಿಮಿ’.” ಕಪ್ಪಿನ ತಳದಲ್ಲಿ ಒಂದು ಚಿಟಿಕೆ ಸಕ್ಕರೆಯಿತ್ತು.

ಕಿತ್ತೆಸೆದ ಕಂಸಗಳಲ್ಲೇ ಯಾವ ಬೇಕು ಬೇಡ ಯಾವ ತಿಂಡಿಯದು ಎಂಬುದಿತ್ತೆಂದು ವೀರಾಂಗನೆಗೆ ಆಗ ಹೊಳೆಯಿತು. ಸರ್ ಹಸಿದ ಮುಖದಿಂದ ಖಾಲಿ ತಟ್ಟೆಯನ್ನೇ ನೋಡುತ್ತಾ ಕೂತರು. ಇಂದುಮತಿಗೆ ಅಯ್ಯೋ ಅನಿಸಿತು. ಎತ್ತಿದ ತುತ್ತನ್ನು ತಟ್ಟೆಗೆ ಹಾಕಿ, ಖಾಲಿ ತಟ್ಟೆಯನ್ನು ಗುರಾಣಿಯಂತೆ ಹಿಡಿದು, ಮೆಟ್ಟಿಲಿಳಿದಳು.

ಉಳ್ಳಾಗಡ್ಡಿಯಿಲ್ಲದ ಗಿರಮಿಟ್ಟು ಹೊತ್ತು ಮರಳಿದಾಗ ಅವಳದು ಮೆತ್ತಗಾಗಿತ್ತು. ತಿಂದಳು, ಏನು ಮಾಡುವುದು!

ಸರ್ ಬೆರಳು ಚೀಪುತ್ತಾ, “ಭಾಳ ಛಲೋ ಅದವಾ. ನಾಳೆನೂ ಹಿಂಗ ತಗೊಂಡು ಬಾ,” ಎಂದರು.